ಕೆನಡಿ ಹತ್ಯೆಯ ಸಾಕ್ಷ್ಯಚಿತ್ರ: ಡಾಕ್ಟರನ್ನು ಕೇಳಿ

ನಿರ್ವಾಹಕರು: ಭಾನುವಾರ ನಾವೆಲ್ಲ ನೋಡಿದ ಸಾಕ್ಷ್ಯಚಿತ್ರ, 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ನಡೆದ ಅಧ್ಯಕ್ಷ ಕೆನಡಿಯವರ ಹತ್ಯೆಯ ಸುತ್ತ ಹಬ್ಬಿರುವ ಪಿತೂರಿಯ ವಾದಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ. ನಮ್ಮ ಗುಂಪಿನ ಡಾಕ್ಟರ್ ನ್ಯಾಯವೈದ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಸಂದೇಹಗಳನ್ನು ಇಲ್ಲೇ ಕೇಳಿ.

ಮೈಸೂರಿನ ಸದಸ್ಯರು: ನಮಸ್ಕಾರ ಸರ್. ಒಂದೇ ಗುಂಡು ಕೆನಡಿಯವರ ಬೆನ್ನಿಗೆ ಹೊಕ್ಕು, ಗಂಟಲಿನಿಂದ ಹೊರಬಿದ್ದು, ಮುಂದೆ ಕುಳಿತಿದ್ದ ಗವರ್ನರ್ ಕಾನಲಿಯವರ ಎದೆ, ಮಣಿಕಟ್ಟು, ತೊಡೆಗೂ ತಗುಲಿತು ಎನ್ನುತ್ತಾರೆ. ಗುಂಡು ಗಾಳಿಯಲ್ಲಿ ತಿರುಗಿತೇ?

ಡಾಕ್ಟರ್: ನಮಸ್ಕಾರ. ತಿರುಗಬೇಕಾಗಿಲ್ಲ. ಎಲ್ಲೆಡೆ ಹರಿದಾಡುವ ಅಂಕುಡೊಂಕಿನ ಚಿತ್ರದಲ್ಲಿ ಇಬ್ಬರನ್ನೂ ಒಂದೇ ಎತ್ತರದಲ್ಲಿ, ಒಂದೇ ಸಾಲಿನಲ್ಲಿ ಕೂರಿಸಿರುತ್ತಾರೆ. ಕಾನಲಿ ಕುಳಿತದ್ದು ತಗ್ಗಾದ, ಕಾರಿನ ಒಳಬದಿಗೆ ಸರಿದಿದ್ದ ಮಡಚುವ ಸೀಟಿನಲ್ಲಿ. ಅವರ ಮೈ ಬಲಕ್ಕೆ ತಿರುಗಿತ್ತು. ಹಾಗೆ ಕೂರಿಸಿ ದಾರ ಎಳೆದರೆ ಅದು ಓಸ್ವಾಲ್ಡ್ ಗುಂಡು ಹಾರಿಸಿದ ಪುಸ್ತಕ ಉಗ್ರಾಣದ ಆರನೇ ಮಹಡಿಯ ಕಿಟಕಿಯತ್ತ ಹೋಗುತ್ತದೆ.

ಹುಬ್ಬಳ್ಳಿಯ ಸದಸ್ಯರು: ಇನ್ನೊಂದು ಗುಂಡು ತಲೆಗೆ ತಗುಲಿದಾಗ ಕೆನಡಿಯವರ ತಲೆ ಹಿಂದಕ್ಕೆ ಎಗರಿದ್ದು ಕಣ್ಣಿಗೇ ಕಾಣುತ್ತದಲ್ಲ ಸರ್? ಗುಂಡು ಮುಂದಿನಿಂದ ಬಂದಿರಲೇಬೇಕು.

ಡಾಕ್ಟರ್: ಮೈ ಬೀಳುವ ದಿಕ್ಕು ನೋಡಿ ಗುಂಡು ಬಂದ ದಿಕ್ಕು ಹೇಳಲಾಗದು. ಮೂಳೆ ನೋಡಬೇಕು. ತಲೆಬುರುಡೆಯ ಹಿಂಭಾಗದ ತೂತು ಹೊರಮೈಯಲ್ಲಿ ಚಿಕ್ಕದು, ಒಳಮೈಯಲ್ಲಿ ಅಗಲ. ಗುಂಡು ಹೊಕ್ಕ ಕಡೆ ಮೂಳೆ ಹಾಗೆಯೇ ಒಡೆಯುತ್ತದೆ.

ಶಿವಮೊಗ್ಗದ ಸದಸ್ಯರು: (ಬಂದ ಸಂದೇಶ) ಲಿಂಕನ್ನರ ಕಾರ್ಯದರ್ಶಿಯ ಹೆಸರು ಕೆನಡಿ, ಕೆನಡಿಯವರ ಕಾರ್ಯದರ್ಶಿಯ ಹೆಸರು ಲಿಂಕನ್! ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಎರಡನೆಯದು ನಿಜ, ಮೊದಲನೆಯದು ಸುಳ್ಳು. ಲಿಂಕನ್ನರ ಕಾರ್ಯದರ್ಶಿಗಳು ನಿಕೊಲೆ ಮತ್ತು ಹೇ. ಹತ್ತು ಜನರಿಗೆ ಕಳುಹಿಸುವ ಮೊದಲು ಒಂದು ಪುಸ್ತಕವನ್ನಾದರೂ ತೆರೆದು ನೋಡಿ.

ತುಮಕೂರಿನ ಸದಸ್ಯರು: ಗಂಟಲಿನ ಗಾಯ ಗುಂಡು ಒಳಹೊಕ್ಕ ಗಾಯದಂತಿದೆ ಎಂದು ಡಲ್ಲಾಸ್ ವೈದ್ಯರೇ ಹೇಳಿದ್ದರಲ್ಲವೇ?

ಡಾಕ್ಟರ್: ಇದು ಒಳ್ಳೆಯ ಪ್ರಶ್ನೆ. ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದದ್ದೂ ಇದನ್ನೇ. ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಡಾ. ಪೆರ್ರಿಯವರು ಉಸಿರಾಟಕ್ಕೆ ನಳಿಕೆ ಹಾಕಲು ಆ ಗಾಯದ ಮೂಲಕವೇ ಕತ್ತರಿಸಿದರು. ಜೀವ ಉಳಿಸುವ ಗಡಿಬಿಡಿಯಲ್ಲಿ ಅದು ಸರಿಯಾದ ಕೆಲಸ. ಬೆನ್ನನ್ನು ಅವರು ತಿರುಗಿಸಿ ನೋಡಿರಲಿಲ್ಲ. ಆಗ ಅಧ್ಯಕ್ಷರನ್ನು ಕೊಲ್ಲುವುದು ಅಮೆರಿಕದಲ್ಲಿ ಕೇಂದ್ರ ಕಾನೂನಿನ ಅಪರಾಧವಾಗಿರಲಿಲ್ಲ, ಆ ಕಾನೂನು ಬಂದದ್ದು 1965ರಲ್ಲಿ. ಹಾಗಾಗಿ ಪೋಸ್ಟ್‌ಮಾರ್ಟಂ ಡಲ್ಲಾಸ್‌ನಲ್ಲೇ ನಡೆಯಬೇಕಿತ್ತು. ಅಲ್ಲಿನ ವೈದ್ಯಾಧಿಕಾರಿ ಡಾ. ಅರ್ಲ್ ರೋಸ್ ಬಾಗಿಲಿಗೆ ಅಡ್ಡ ನಿಂತು ಹೇಳಿದರೂ ಅಂಗರಕ್ಷಕ ಪಡೆಯವರು ಕೇಳದೆ ಶವವನ್ನು ಒಯ್ದರು. ಆ ರಾತ್ರಿ ಬೆಥೆಸ್ಡಾ ನೌಕಾ ಆಸ್ಪತ್ರೆಯಲ್ಲಿ ಕತ್ತಿ ಹಿಡಿದ ಡಾ. ಹ್ಯೂಮ್ಸ್ ಅವರಿಗೆ ಗುಂಡೇಟಿನ ಶವಗಳ ಅಭ್ಯಾಸವಿರಲಿಲ್ಲ. ಗಂಟಲಿನಲ್ಲಿದ್ದದ್ದು ಬರೀ ನಳಿಕೆಯ ಕೊಯ್ತ ಎಂದುಕೊಂಡರು. ಬೆನ್ನಿನ ತೂತಿನಲ್ಲಿ ಬೆರಳಿಟ್ಟು ನೋಡಿದರೆ ದಾರಿ ಸಿಗಲಿಲ್ಲ. ಕುತ್ತಿಗೆಯನ್ನು ಬಿಡಿಸಿ ಗುಂಡಿನ ದಾರಿ ಹುಡುಕಲೇ ಇಲ್ಲ. ಮರುದಿನ ಬೆಳಿಗ್ಗೆ ಪೆರ್ರಿಯವರಿಗೆ ದೂರವಾಣಿ ಮಾಡಿದಾಗ ಗೊತ್ತಾಯಿತು, ಅಲ್ಲೊಂದು ಗಾಯವಿತ್ತೆಂದು. ಅಷ್ಟರಲ್ಲಿ ಶವ ಕೈಬಿಟ್ಟುಹೋಗಿತ್ತು. ತಮ್ಮ ಕರಡು ಬರಹವನ್ನು ಅವರೇ ಒಲೆಗೆ ಹಾಕಿದರು. ಅರವತ್ತು ವರ್ಷಗಳ ಅನುಮಾನಕ್ಕೆ ದಾರಿ ತೆರೆದದ್ದು ಈ ಒಂದು ಕೆಟ್ಟ ಪೋಸ್ಟ್‌ಮಾರ್ಟಂ. ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಬೆಳಗಾವಿಯ ಸದಸ್ಯರು: ಒಂದೇ ಗುಂಡು ಇಬ್ಬರಿಗೆ ಹೇಗೆ ತಗುಲುತ್ತದೆ ಸರ್?

ಡಾಕ್ಟರ್: ಮೇಲೆ ಬರೆದಿದ್ದೇನೆ.

ದಾವಣಗೆರೆಯ ಸದಸ್ಯರು: ಎರಡೇ ದಿನದಲ್ಲಿ, ಪೊಲೀಸ್ ಕಚೇರಿಯೊಳಗೇ ಹತ್ಯೆಯ ಆರೋಪದಲ್ಲಿ ಬಂಧಿತನಾಗಿದ್ದ ಓಸ್ವಾಲ್ಡನನ್ನು ನೈಟ್‌ಕ್ಲಬ್ ಮಾಲೀಕ ಜ್ಯಾಕ್ ರೂಬಿ ಕೊಂದದ್ದು ಏಕೆ?

ಕೊಡಗಿನ ಸದಸ್ಯರು: ಸರ್, ಇದು ಸಾಕ್ಷ್ಯಚಿತ್ರದ ಪ್ರಶ್ನೆಯಲ್ಲ, ಕ್ಷಮಿಸಿ. ಹೋದ ವಾರ ನಮ್ಮ ದೊಡ್ಡಪ್ಪನ ಮಗ ತೋಟದಲ್ಲಿ ಕೋವಿ ಸಿಡಿದು ತೀರಿಕೊಂಡ. ತಾನಾಗಿ ಸಿಡಿಯಿತು ಎನ್ನುತ್ತಾರೆ, ಮನೆಯವರಿಗೆ ನಂಬಿಕೆಯಿಲ್ಲ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಬಿಚ್ಚಿ ಕೊಟ್ಟ ಅಂಗಿ ನಮ್ಮಲ್ಲೇ ಇದೆ. ತೊಳೆದು ಇಡಬಹುದೇ?

ಹುಬ್ಬಳ್ಳಿಯ ಸದಸ್ಯರು: 1979ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ 'ಬಹುಶಃ ಪಿತೂರಿ' ಎಂದಿದೆ. ಡಾಕ್ಟರ್ ಅದನ್ನು ಏಕೆ ಮುಚ್ಚಿಡುತ್ತಾರೆ?

ಮಂಡ್ಯದ ಸದಸ್ಯರು: ಆ ಮಾತು ನಿಂತದ್ದು ಪೊಲೀಸ್ ರೇಡಿಯೋದ ಒಂದು ಧ್ವನಿಮುದ್ರಣದ ಮೇಲೆ. ಅದರಲ್ಲಿ ಗುಂಡಿನ ಸದ್ದು ಎಂದುಕೊಂಡದ್ದು ಗುಂಡು ಹಾರಿದ ಸುಮಾರು ಒಂದು ನಿಮಿಷದ ನಂತರದ್ದು ಎಂದು 1982ರಲ್ಲಿ ವಿಜ್ಞಾನ ಅಕಾಡೆಮಿಯ ತಂಡ ತೋರಿಸಿತು. ಅರ್ಧ ಓದಿ ಬರಬೇಡಿ.

ಹುಬ್ಬಳ್ಳಿಯ ಸದಸ್ಯರು: ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡಾಗ ಪೋಸ್ಟ್‌ಮಾರ್ಟಂ ಆಯಿತೇ? ಅದಕ್ಕೆ ಉತ್ತರಿಸಿ.

ಮಂಡ್ಯದ ಸದಸ್ಯರು: ಆಗಲಿಲ್ಲ. ಆಗಲಿಲ್ಲ ಎಂಬುದು ವಿಷಪ್ರಾಶನಕ್ಕೆ ಸಾಕ್ಷಿಯೇ? ನಿಮ್ಮೊಡನೆ ವಾದಿಸಿ ಪ್ರಯೋಜನವಿಲ್ಲ.

ಶಿವಮೊಗ್ಗದ ಸದಸ್ಯರು: ಕೊಡಗಿನವರೇ, ರಕ್ತದ ಕಲೆಗೆ ತಣ್ಣೀರು, ಕಲ್ಲುಪ್ಪು ಹಾಕಿ ನೆನೆಸಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನನಗೆ ಬಂದ ಸಂದೇಶ ಹಾಕುತ್ತೇನೆ.

ಡಾಕ್ಟರ್: ಆ ಸಂದೇಶವನ್ನು ಈಗಲೇ ಅಳಿಸಿ. ಉಳಿದವರು ಸ್ವಲ್ಪ ಹೊತ್ತು ಸುಮ್ಮನಿರಿ.

ಕೊಡಗಿನವರೇ, ನಿಮ್ಮ ಪ್ರಶ್ನೆ ತಡವಾಗಿ ಕಂಡಿತು. ತೊಳೆಯಬೇಡಿ. ಕಾನಲಿಯವರ ಬಟ್ಟೆಯನ್ನು ಪರೀಕ್ಷೆಗೆ ಮೊದಲೇ ತೊಳೆಸಿ ಇಸ್ತ್ರಿ ಮಾಡಿಸಿಬಿಟ್ಟಿದ್ದರು. ನೂಲಿನ ಎಳೆ ಒಳಕ್ಕೆ ಬಾಗಿತ್ತೋ ಹೊರಕ್ಕೋ ಎಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ. ನಿಮ್ಮ ಅಂಗಿಯ ತೂತಿನ ಸುತ್ತ ಮಸಿ, ಮದ್ದಿನ ಕಣ ಇವೆಯೇ, ಎಷ್ಟು ಅಗಲಕ್ಕೆ ಹರಡಿವೆ ಎಂಬುದರಿಂದ ಕೋವಿ ಎಷ್ಟು ದೂರದಲ್ಲಿತ್ತು ಎಂದು ಅಂದಾಜು ಮಾಡಬಹುದು. ತಾನಾಗಿ ಸಿಡಿದದ್ದೋ ಅಲ್ಲವೋ ಎಂಬ ಪ್ರಶ್ನೆಗೆ ಆ ದೂರವೇ ಮುಖ್ಯ. ನೀರು ಬಿದ್ದರೆ ಅದು ಹೋಯಿತು. ಒದ್ದೆಯಿದ್ದರೆ ನೆರಳಿನಲ್ಲಿ ಶುದ್ಧ ಕಾಗದದ ಮೇಲೆ ಹರಡಿ. ತೂತಿನ ಮೇಲೆ ಮಡಿಕೆ ಬೀಳದಿರಲಿ, ಕೊಡವಬೇಡಿ. ಒಣಗಿದ ಮೇಲೆ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯುತ್ತದೆ. ತನಿಖಾಧಿಕಾರಿಗೆ ಇಂದೇ ಬರವಣಿಗೆಯಲ್ಲಿ ತಿಳಿಸಿ, ಮಹಜರು ಮಾಡಿಸಿ ಒಪ್ಪಿಸಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲು ಕೇಳಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಯಾರ ಮೇಲೆ ಅನುಮಾನ ಎಂದು ಇಲ್ಲಿ ಬರೆಯಬೇಡಿ. ಅಂಗಿ ಈಗ ಎಲ್ಲಿದೆ?

ಹುಬ್ಬಳ್ಳಿಯ ಸದಸ್ಯರು: ಶಾಸ್ತ್ರಿಯವರ ಬಗ್ಗೆ ಉತ್ತರ ಬರಲೇ ಇಲ್ಲ.

ಕೊಡಗಿನ ಸದಸ್ಯರು: ದೊಡ್ಡಮ್ಮ ಒಗೆಯಲು ಕಲ್ಲಿನ ಹತ್ತಿರ ಒಯ್ದಿದ್ದರು ಸರ್. ಓಡಿಹೋಗಿ ತಂದೆ. ನೀರು ತಾಗಿಲ್ಲ, ಒಣಗಿದೆ. ಎದೆಯ ಹತ್ತಿರ ತೂತಿನ ಸುತ್ತ ಕಪ್ಪಗಿದೆ.

ಡಾಕ್ಟರ್: ಮುಟ್ಟಬೇಡಿ. ಕಾಗದದಲ್ಲಿ ಸುತ್ತಿ ಠಾಣೆಗೆ ಹೊರಡಿ. ಮಹಜರು ಆದ ಮೇಲೆ ನನಗೆ ತಿಳಿಸಿ, ಎಚ್ಚರವಾಗಿಯೇ ಇರುತ್ತೇನೆ.