ವಿಎಂವೇರ್ ಟೂಲ್ಸ್ ತಾನಾಗಿಯೇ ಅಪ್‌ಗ್ರೇಡ್ ಆಗಲಿ ಅಂತ ಬಿಡಬಹುದಾ?

ಹಿಂಜವಡಿ, ಪುಣೆಯಿಂದ ಪ್ರಶ್ನೆ: ನಮ್ಮಲ್ಲಿ ವಿಎಂವೇರ್ ಮೇಲೆ ಓಡುವ ಸುಮಾರು 180 ವಿಎಂ (ವರ್ಚುವಲ್ ಮಷೀನ್) ಇವೆ. ಮುಕ್ಕಾಲು ಪಾಲು ವಿಂಡೋಸ್, ಉಳಿದದ್ದು ಲಿನಕ್ಸ್. ಅರ್ಧದಷ್ಟರಲ್ಲಿ ಟೂಲ್ಸ್ (ವಿಎಂ ಒಳಗೆ ಹಾಕುವ ಡ್ರೈವರ್, ಸಹಾಯಕ ಪ್ರೋಗ್ರಾಂಗಳ ಕಟ್ಟು) ಹಳೆಯದು. ಪ್ರತಿ ಸಲ ಪವರ್ ಆನ್ ಆಗುವಾಗ ಚೆಕ್ ಮಾಡಿ ಅಪ್‌ಗ್ರೇಡ್ ಮಾಡುವ ಆಯ್ಕೆ ಇದೆಯಲ್ಲ, ಎಲ್ಲದಕ್ಕೂ ಟಿಕ್ ಹಾಕಿಬಿಡಲಾ?

ಐರೋಲಿಯಿಂದ: ಎಲ್ಲದಕ್ಕೂ ಬೇಡ ಸಾರ್. ಹಾಗೆ ಮಾಡಿ ಬೈಸಿಕೊಂಡವನು ನಾನು. ಟಿಕ್ ಹಾಕಿದ ದಿನ ಏನೂ ಆಗುವುದಿಲ್ಲ, ಹಾಗಾಗಿ ಮರೆತೇಹೋಗುತ್ತದೆ. ಮೂರು ವಾರ ಕಳೆದು ವಿಂಡೋಸ್ ಪ್ಯಾಚಿಂಗ್ ರಾತ್ರಿ ಬಂತು. ಸರ್ವರ್ ರೀಸ್ಟಾರ್ಟ್ ಆಗಿ ಮೇಲೆದ್ದಿತು. ಶೀಟ್‌ನಲ್ಲಿ 'ಮುಗಿದಿದೆ' ಅಂತ ಬರೆದು ಚಹಾಕ್ಕೆ ಹೋದೆ. ಬಂದು ನೋಡಿದರೆ ಪಿಂಗ್ ಕಿಟಕಿಯಲ್ಲಿ ಸಾಲಾಗಿ ನಾಲ್ಕು ಟೈಮ್‌ಔಟ್! ಟೂಲ್ಸ್ ಜೊತೆ ವಿಎಂಎಕ್ಸ್‌ನೆಟ್3 ಅನ್ನುವ ನೆಟ್‌ವರ್ಕ್ ಕಾರ್ಡ್ ಡ್ರೈವರ್ ಕೂಡ ಬದಲಾಗುತ್ತಿತ್ತು. ಆಗ ನೆಟ್‌ವರ್ಕ್ ಸ್ವಲ್ಪ ಹೊತ್ತು ಕಡಿದುಹೋಗುತ್ತದೆ. ಫೈಲ್ ಸರ್ವರ್ ಆಗಿದ್ದರೆ ರಾತ್ರಿ ಎರಡು ಗಂಟೆಗೆ ಯಾರು ಕೇಳುತ್ತಿದ್ದರು? ಇದು ಡೇಟಾಬೇಸ್ ಕ್ಲಸ್ಟರಿನ ನೋಡ್, ಅಂದರೆ ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಸರ್ವರ್ ಗುಂಪಿನಲ್ಲಿ ಒಂದು. ಪಕ್ಕದ ನೋಡ್ ಇದು ಸತ್ತಿತು ಅಂದುಕೊಂಡು ಕೆಲಸವನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು. ಅದರ ಮೇಲೆ ಇನ್ನೊಂದು ರೀಬೂಟ್ ಬೇರೆ. ಬೆಳಗಿನ ಲೋಕಲ್ ಹಿಡಿದು ಮನೆ ಸೇರಿದೆ. ಈಗ ಡೇಟಾಬೇಸ್, ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್) ಎರಡನ್ನೂ ಕೈಯಾರೆ ಮಾಡುತ್ತೇನೆ, ಒಂದಾದ ಮೇಲೆ ಒಂದು. ಮಿಕ್ಕವಕ್ಕೆ ಟಿಕ್.

ಪಣಜಿಯಿಂದ: ಲಿನಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಓಪನ್-ವಿಎಂ-ಟೂಲ್ಸ್ (ಟೂಲ್ಸ್‌ನ ಓಪನ್ ಸೋರ್ಸ್ ರೂಪ) ಇರುತ್ತದೆ ಅಲ್ವಾ? ವಿಎಂಗಳನ್ನೆಲ್ಲ ನಿರ್ವಹಿಸುವ ವಿಸೆಂಟರ್‌ನಲ್ಲಿ 'ಗೆಸ್ಟ್ ಮ್ಯಾನೇಜ್ಡ್' ಅಂತ ತೋರಿಸುತ್ತದೆ. ಲಿನಕ್ಸ್‌ನ ಯಮ್, ಆಪ್ಟ್ ಪ್ಯಾಕೇಜ್ ಅಪ್‌ಡೇಟ್ ಜೊತೆಗೇ ಬಂದುಬಿಡುತ್ತದೆ.

ಅಂಧೇರಿಯಿಂದ: ಐರೋಲಿಯವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಪವರ್‌ಸಿಎಲ್‌ಐನಲ್ಲಿ (ವಿಎಂವೇರ್‌ನ ಕಮಾಂಡ್ ಸಾಧನ) ಅಪ್‌ಡೇಟ್-ಟೂಲ್ಸ್ ಕಮಾಂಡ್ ಜೊತೆ ನೋ-ರೀಬೂಟ್ ಕೊಟ್ಟರೆ ಸಾಕು ಅಂತ ಕೆಲವರು ನಂಬಿದ್ದಾರೆ. ಅದು ತಡೆಯುವುದು ರೀಬೂಟನ್ನು, ನೆಟ್‌ವರ್ಕ್ ಕಡಿಯುವುದನ್ನಲ್ಲ. ನಾನು ಟಿಕ್ ಅನ್ನು ಕಾಯಂ ಬಿಡುವುದಿಲ್ಲ. ಪ್ಯಾಚಿಂಗ್‌ಗೆ ಮುಂಚೆ ಸ್ಕ್ರಿಪ್ಟ್‌ನಿಂದ ಹಾಕುತ್ತೇನೆ, ಸೋಮವಾರ ತೆಗೆಯುತ್ತೇನೆ. ಇನ್ನೊಂದು, ವರ್ಚುವಲ್ ಹಾರ್ಡ್‌ವೇರ್ (ವಿಎಂಗೆ ಕಾಣುವ ಯಂತ್ರದ) ವರ್ಷನ್ ಏರಿಸುವ ಯೋಚನೆ ಇದ್ದರೆ ಟೂಲ್ಸ್ ಮೊದಲು, ಹಾರ್ಡ್‌ವೇರ್ ಆಮೇಲೆ. ಉಲ್ಟಾ ಮಾಡಿದರೆ ವಿಂಡೋಸ್‌ನಲ್ಲಿ ಐಪಿ ಸೆಟ್ಟಿಂಗ್ ಹಾರಿಹೋಗಬಹುದು.

ಹಿಂಜವಡಿಯಿಂದ ಮತ್ತೆ: ಥ್ಯಾಂಕ್ಸ್. ಈ ಶನಿವಾರ 10 ಟೆಸ್ಟ್ ವಿಎಂಗೆ ಮಾತ್ರ ಟಿಕ್ ಹಾಕಿ, ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಉಳಿಸಿದ ಪ್ರತಿ) ತೆಗೆದು ನೋಡುತ್ತೇನೆ. ಚಹಾ ಟೇಬಲ್‌ಗೇ ತರಿಸಿಕೊಳ್ಳುತ್ತೇನೆ.