‘ದಯಾಮರಣ’ ಎಂಬ ಪದದ ತೊಡಕು

ವೈದ್ಯಕೀಯ ನೀತಿಯ ಬಗ್ಗೆ ಕ್ರೈಸ್ತ ಚಿಂತಕರು ಬರೆದ ಕೆಲವು ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಯೂಥನೇಸಿಯ’, ಅಂದರೆ ನೋವಿನಿಂದ ಬಿಡಿಸಲೆಂದು ರೋಗಿಗೆ ಸಾವು ತರುವುದು, ಎಂಬಲ್ಲಿ ಕೆಲಸ ನಿಂತಿದೆ. ‘ದಯಾಮರಣ’ ಇದೆಯಲ್ಲ ಎನ್ನುತ್ತೀರಿ. ಇದೆ, ಪತ್ರಿಕೆಗಳಲ್ಲಿ ಬೇರೂರಿಯೂ ಇದೆ. ಆದರೆ ‘ದಯಾಮರಣವನ್ನು ಧರ್ಮಸಭೆ ಒಪ್ಪುವುದಿಲ್ಲ’ ಎಂದು ಬರೆದು ಓದಿಕೊಂಡರೆ, ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ದಯೆಯನ್ನೇ ಬೇಡವೆಂದಂತೆ ಕೇಳಿಸುತ್ತದೆ. ವಾದಕ್ಕೆ ಮೊದಲೇ ಪದ ತೀರ್ಪು ಕೊಟ್ಟಾಗಿದೆ.

ಮೂಲ ಗ್ರೀಕಿನಲ್ಲಿ ದಯೆಯ ಸುಳಿವಿಲ್ಲ. ‘ಯೂ’ ಎಂದರೆ ಒಳ್ಳೆಯದು, ‘ಥನಟೋಸ್’ ಎಂದರೆ ಸಾವು. ವಿಚಿತ್ರವೆಂದರೆ, ಒಳ್ಳೆಯ ಮರಣ ಕ್ರೈಸ್ತರಿಗೆ ಪ್ರಾರ್ಥನೆಯ ಮಾತು. ಕಥೋಲಿಕರು ಸಂತ ಜೋಸೆಫರನ್ನು ಅದರ ಪಾಲಕರೆಂದು ನೆನೆಯುತ್ತಾರೆ. ಹಾಗಾಗಿ ‘ಸುಮರಣ’ ಎಂದರೆ ಬೇಡಿಕೊಳ್ಳುವುದೂ ಬೇಡವೆನ್ನುವುದೂ ಒಂದೇ ಹೆಸರಿನಲ್ಲಿ ಬಂದು ಕೂರುತ್ತವೆ. ‘ಇಚ್ಛಾಮರಣ’ ಎಂದೊಡನೆ ಭೀಷ್ಮ ಎದ್ದು ಬರುತ್ತಾನೆ. ಉತ್ತರಾಯಣಕ್ಕಾಗಿ ಸಾವನ್ನು ತಡೆದು ನಿಲ್ಲಿಸಿದವನಿಗೂ ಸಾವನ್ನು ಬೇಗ ಕರೆಯುವ ಚುಚ್ಚುಮದ್ದಿಗೂ ಎಲ್ಲಿಯ ನಂಟು? ‘ದಯಾಹತ್ಯೆ’ ತಕ್ಕಡಿಯನ್ನು ಇನ್ನೊಂದು ಕಡೆಗೆ ವಾಲಿಸುತ್ತದೆ, ದಶಾಜ್ಞೆಯ ‘ನರಹತ್ಯೆ’ ಅದರಲ್ಲಿ ನೇರವಾಗಿ ಮೊಳಗುತ್ತದೆ.

ಜರ್ಮನರಿಗೂ ‘ಯೂಥನೇಸಿಯ’ ಎಂಬ ಪದ ಕೈಸುಟ್ಟಿದೆ. ನಾತ್ಸಿಗಳು ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಂದದ್ದು ಇದೇ ಹೆಸರಿನಲ್ಲಿ. 1941ರ ಆಗಸ್ಟ್‌ನಲ್ಲಿ ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ ಅದನ್ನು ಪ್ರವಚನಪೀಠದಿಂದಲೇ ಖಂಡಿಸಿದರು. ಈಗ ಅಲ್ಲಿ ‘ಸ್ಟೆರ್ಬೆಹಿಲ್ಫೆ’, ಅಂದರೆ ಸಾಯುವವರಿಗೆ ನೆರವು, ಎನ್ನುವುದೇ ರೂಢಿ.

ನನ್ನ ನಿಜವಾದ ಕಗ್ಗಂಟು ‘ನಿಷ್ಕ್ರಿಯ ದಯಾಮರಣ’. ವ್ಯಾಟಿಕನ್ನಿನ 1980ರ ಘೋಷಣೆಯ ಪ್ರಕಾರ, ನೋವನ್ನು ಮುಗಿಸಲೆಂದು ಸಾವು ತರುವ ಕ್ರಿಯೆಯೂ ಯೂಥನೇಸಿಯ, ಅದೇ ಉದ್ದೇಶದಿಂದ ಮಾಡಬೇಕಾದುದನ್ನು ಮಾಡದೆ ಬಿಡುವುದೂ ಯೂಥನೇಸಿಯ. ಆದರೆ ಸಾವು ಖಚಿತವಾಗಿ ಸಮೀಪಿಸಿರುವಾಗ, ಬರಿಯ ನರಳಾಟವನ್ನು ಲಂಬಿಸುವ ಚಿಕಿತ್ಸೆಯನ್ನು ಬೇಡವೆನ್ನಲು ಅದೇ ಘೋಷಣೆ ಅವಕಾಶ ಕೊಡುತ್ತದೆ; ಸಹಜವಾಗಿ ಸಲ್ಲಬೇಕಾದ ಆರೈಕೆ ಮಾತ್ರ ನಿಲ್ಲಬಾರದು. ಅಸಾಧಾರಣ ಉಪಾಯಗಳನ್ನು ಬಳಸಲೇಬೇಕೆಂಬ ಕಟ್ಟುಪಾಡಿಲ್ಲವೆಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ಹೇಳಿದ್ದರು. ಹೀಗೆ ಚಿಕಿತ್ಸೆ ಬೇಡವೆನ್ನುವ ಈ ಎರಡನೆಯ ಬಗೆಯನ್ನೂ ‘ನಿಷ್ಕ್ರಿಯ ದಯಾಮರಣ’ ಎಂದು ಕರೆದುಬಿಟ್ಟರೆ, ವೆಂಟಿಲೇಟರ್ ತೆಗೆಯಲು ಒಪ್ಪಿದ ಮಗಳು ತಾನು ಪಾಪ ಮಾಡಿದೆನೆಂದು ಕೊರಗಬೇಕಾಗುತ್ತದೆ. ಪದದ ಸೋಮಾರಿತನಕ್ಕೆ ಆಕೆ ಯಾಕೆ ದಂಡ ತೆರಬೇಕು? (ಪ್ರೊಟೆಸ್ಟೆಂಟರಲ್ಲಿ ಈ ವಿಷಯದಲ್ಲಿ ಒಂದೇ ದನಿಯಿಲ್ಲ, ಕಥೋಲಿಕ ದೇವಶಾಸ್ತ್ರಜ್ಞ ಹಾನ್ಸ್ ಕ್ಯೂಂಗ್ ಕೂಡ ಧರ್ಮಸಭೆಯ ನಿಲುವಿಗೆ ಎದುರಾಡಿದವರೇ.)

ಸಾವು ತರುವುದೇ ಉದ್ದೇಶವಾಗಿರುವ ಮೊದಲ ಬಗೆಗೆ ‘ದಯಾಮರಣ’ವನ್ನೇ ಉಳಿಸಿಕೊಳ್ಳೋಣ ಎಂದು ಮನಸ್ಸು ವಾಲುತ್ತಿದೆ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಸುಳ್ಳು ದಯೆ ಎಂದರು. ಹೆಸರಿನಲ್ಲೇ ದಯೆ ಇರುವ ಕನ್ನಡದಲ್ಲಿ ಆ ಏಟು ಇನ್ನೂ ನೇರವಾಗಿ ತಗಲುತ್ತದೆ.

ಎರಡನೆಯದಕ್ಕೆ ಪದ ಬೇಕಾಗಿದೆ. ‘ಚಿಕಿತ್ಸೆ ಕೈಬಿಡುವುದು’ ಎಂದರೆ ರೋಗಿಯನ್ನೇ ಕೈಬಿಟ್ಟಂತಾಗುತ್ತದೆ. ‘ವೈದ್ಯರು ಕೈಚೆಲ್ಲಿದರು’ ಎಂಬುದರಲ್ಲಿ ಸೋಲಿದೆ. ‘ಚಿಕಿತ್ಸಾವಿರಾಮ’ ಎಂದರೆ ಮತ್ತೆ ಶುರುವಾಗುತ್ತದೇನೋ ಎನಿಸುತ್ತದೆ. ಚಿಕಿತ್ಸೆ ನಿಲ್ಲುತ್ತದೆ, ಆರೈಕೆ ನಿಲ್ಲುವುದಿಲ್ಲ: ಈ ಎರಡನ್ನೂ ಒಟ್ಟಿಗೆ ಹೊರುವ ಪದ ನಿಮ್ಮ ಕಡೆಯ ಆಸ್ಪತ್ರೆಗಳಲ್ಲಿ, ಗುರುಗಳ ಮಾತಿನಲ್ಲಿ, ಹಳೆಯ ವೈದ್ಯಗ್ರಂಥಗಳಲ್ಲಿ ಎಲ್ಲಾದರೂ ಕಿವಿಗೆ ಬಿದ್ದಿದೆಯೇ? ಸಂಸ್ಕೃತದ ಸಮಾಸವೇ ಆಗಬೇಕೆಂದಿಲ್ಲ.