ಲ್ಯಾಪರಾಟಮಿ: ಹೊಟ್ಟೆಯೋ, ಅಳ್ಳೆಯೋ?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ತುಮಕೂರಿನಲ್ಲಿ ನಮ್ಮ ಚಿಕ್ಕಮ್ಮನಿಗೆ ಕರುಳು ತೂತಾಗಿ ಆಪರೇಷನ್ ಆಯಿತು. ಡಿಸ್ಚಾರ್ಜ್ ಹಾಳೆಯಲ್ಲಿ 'ಎಕ್ಸ್‌ಪ್ಲೊರೇಟರಿ ಲ್ಯಾಪರಾಟಮಿ' ಅಂತ ಇತ್ತು. "ನನ್ ಹೊಟ್ಟೆಗೆ ಏನಂತ ಬರ್ದವ್ರೆ, ಓದಪ್ಪ" ಅಂದರು. "ಹೊಟ್ಟೆ ಕುಯ್ದು ಒಳಗೆ ಏನಾಗಿದೆ ಅಂತ ನೋಡೋದು ಚಿಕ್ಕಮ್ಮ" ಅಂದೆ. ಅರ್ಥ ಅದೇ. ಆದರೆ ಪದ ಬಿಡಿಸಿದರೆ ಅದರಲ್ಲಿ ಹೊಟ್ಟೆಯೇ ಇಲ್ಲ.

ಗ್ರೀಕಿನಲ್ಲಿ 'ತೊಮೆ' ಅಂದರೆ ಕೊಯ್ತ. 'ಲಪಾರ' ಅಂದರೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆ ಜಾಗ. ಅದಕ್ಕೆ ನಮ್ಮಲ್ಲಿ ಅಳ್ಳೆ ಅಂತಾರೆ. ಹಸು ಹಸಿಮೇವು ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿದಾಗ ಎಡಗಡೆ ಬಿಗಿದುಕೊಂಡು ಮೇಲೇಳುತ್ತಲ್ಲ, ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಸದ್ದು ಬರುತ್ತಲ್ಲ, ಅದೇ ಜಾಗ. ಇನ್ನೊಂದು ವಿಷಯ ನೋಡಿ. ಲಪಾರ ಹುಟ್ಟಿದ್ದು 'ಲಪರೋಸ್' ಅನ್ನೋ ಪದದಿಂದ. ಅಂದರೆ ಸಡಿಲ, ಅಳ್ಳಕ. ನಮ್ಮಲ್ಲೂ ಹಗ್ಗ ಅಳ್ಳಕವಾಯಿತು ಅಂತೀವಿ, ಅಲ್ವಾ? ಅಳ್ಳೆ, ಅಳ್ಳಕ ಎರಡೂ ಒಂದೇ ಬೇರಿನವು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಮನುಷ್ಯರಿಗೆ ಈ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಅಳ್ಳೆ ಕುಯ್ಯೋದಿಲ್ಲ. ಚಿಕ್ಕಮ್ಮನ ಹೊಲಿಗೆ ಹೊಟ್ಟೆಯ ನಟ್ಟನಡುವೆ, ಹೊಕ್ಕುಳ ಪಕ್ಕದಲ್ಲಿ ಹಾದು ಕೆಳಗಿಳಿದಿದೆ. ಆ ಗೆರೆಯಲ್ಲಿ ಮಾಂಸಖಂಡ ಕತ್ತರಿಸಬೇಕಿಲ್ಲ, ರಕ್ತ ಹೋಗೋದೂ ಕಮ್ಮಿ. ದನದ ಡಾಕ್ಟರು ಮಾತ್ರ ಈಗಲೂ ಹಸುವನ್ನು ನಿಲ್ಲಿಸಿಯೇ ಎಡ ಅಳ್ಳೆ ಕುಯ್ದು ಕರು ತೆಗೀತಾರೆ. ಪದದ ಹಳೇ ಅರ್ಥ ಪೂರ್ತಿ ಉಳಿದಿರೋದು ಕೊಟ್ಟಿಗೆಯಲ್ಲೇ!

ಗ್ರೀಕಿನಲ್ಲಿ ಹೊಟ್ಟೆಗೆ 'ಕೊಯ್ಲಿಯ' ಅಂತಿದೆ. ಅದರಿಂದ 'ಸೀಲಿಯಾಟಮಿ' ಅನ್ನೋ ಪದವೂ ಇದೆ. ಅರ್ಥಕ್ಕೆ ಅದೇ ಸರಿ, ಬಳಕೆ ಕಮ್ಮಿ. ಒಳಗೆ ಕೊಳವೆ ಇಟ್ಟು ನೋಡೋ ವಿಚಾರದಲ್ಲೂ ಹೀಗೇ ಆಯಿತು. 1901ರಲ್ಲಿ ಜರ್ಮನಿಯ ಡಾಕ್ಟರು ಕೆಲ್ಲಿಂಗ್ ನಾಯಿಯ ಹೊಟ್ಟೆಯೊಳಗೆ ನೋಡಿ, ಆ ವಿಧಾನಕ್ಕೆ 'ಕೊಯ್ಲಿಯ'ದಿಂದಲೇ ಹೆಸರು ಇಟ್ಟಿದ್ದರು. 1910ರಲ್ಲಿ ಸ್ವೀಡನ್ನಿನ ಡಾಕ್ಟರು ಯಾಕೊಬೇಯಸ್ ಮನುಷ್ಯರಲ್ಲಿ ನೋಡಿ ಹೆಸರಿಗೆ ಲಪಾರ ಸೇರಿಸಿದರು. ಇವತ್ತು ಹಳ್ಳಿಹಳ್ಳಿಯಲ್ಲೂ ಲ್ಯಾಪ್ರೋಸ್ಕೋಪಿ ಅಂತಲೇ ಅಂತಾರೆ.

ಈಗ ನನ್ನ ಪ್ರಶ್ನೆ. ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳೋ ಕಾಗದದಲ್ಲಿ ಇದಕ್ಕೆ ಕನ್ನಡದಲ್ಲಿ ಏನು ಬರೀಬೇಕು? 'ಉದರಛೇದನ' ಅಂದರೆ ಚಿಕ್ಕಮ್ಮನಿಗೆ ಅದನ್ನೂ ನಾನೇ ಬಿಡಿಸಿ ಹೇಳಬೇಕು. 'ಹೊಟ್ಟೆಕೊಯ್ತ' ಅಂದರೆ ತಕ್ಷಣ ಗೊತ್ತಾಗುತ್ತೆ, ಆದರೆ ಸಹಿ ಹಾಕೋ ಕೈ ನಡುಗುತ್ತೇನೋ. 'ಹೊಟ್ಟೆ ತೆರೆದು ನೋಡುವ ಆಪರೇಷನ್' ಅಂತ ಉದ್ದಕ್ಕೇ ಬರೆದರೆ ಒಳ್ಳೇದು ಅಂತ ನನಗನ್ನಿಸುತ್ತೆ. ಶಿರಾ, ಪಾವಗಡ, ಮಧುಗಿರಿ ಕಡೆಯವರು ಮನೆಯಲ್ಲಿ ಇದಕ್ಕೆ ಏನಂತೀರಿ? ಮನುಷ್ಯರ ಮೈಗೂ ಅಳ್ಳೆ ಅನ್ನೋದು ನಿಮ್ಮಲ್ಲಿ ಇದೆಯಾ, ತಿಳಿಸಿ.